ಹಳೆ ಕಾಲದ ದೃಶ್ಯಕ್ಕೆ ಒಪ್ಪುವ ಗಿಟಾರ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಉಳ್ಳಾಲದ ರಾಣಿ ಅಬ್ಬಕ್ಕನ ಕಥೆಯನ್ನು ರಂಗದ ಮೇಲೆ ತರಬೇಕು ಎಂದು ಮುಂಬೈಯ ತುಳು-ಕನ್ನಡ ಮಂದಿಗೆ ಅನ್ನಿಸುವುದು ಸಹಜ. ಆ ಕಥೆ ಅಂದಮೇಲೆ ಪೋರ್ಚುಗೀಸ್ ಸಿಪಾಯಿಗಳು ಬೇಕು. ಸಿಪಾಯಿಗಳ ಬಿಡಾರದಲ್ಲಿ ಒಬ್ಬ ಗಿಟಾರ್ ಹಿಡಿದು ಕೂತಿದ್ದರೆ ಚೆಂದ ಎಂದು ನಿರ್ದೇಶಕರಿಗೆ ಹೊಳೆಯುತ್ತದೆ. ಆಗ ಸಂಘದ ಯಾರದೋ ಮಗನ ಕಾಲೇಜು ಗಿಟಾರ್ ರಂಗಕ್ಕೆ ಬರುತ್ತದೆ. ನೀಲಿ ಬಣ್ಣ, ಫಳಫಳ ಸ್ಟೀಲ್ ತಂತಿ, ಪಕ್ಕದಲ್ಲಿ ವಾಲ್ಯೂಮ್ ಗುಂಡಿ. ಟೋಪಿ, ಕತ್ತಿ, ಬೂಟು ಎಲ್ಲಕ್ಕೂ ಬಾಡಿಗೆ ಕೊಟ್ಟು ತಂದವರು ಇದೊಂದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ವಸೈ ಕೋಟೆಯ ರೂಪಕಕ್ಕೂ ಇದೇ ಕಥೆ. ಗೋವಾದ ಹಳೆ ಮನೆಯ ಮದುವೆ ದೃಶ್ಯಕ್ಕೂ, 1930ರ ದಶಕದ ಬೊಂಬಾಯಿಯ ಹೋಟೆಲ್ ಬ್ಯಾಂಡಿಗೂ ಇದೇ. ಆಯಾ ಕಾಲದ ಗಿಟಾರನ್ನೇ ಹೋಲುವಂತೆ ಕೈಯಲ್ಲಿ ಮಾಡಿಸಲು ಹೋದರೆ ಹವ್ಯಾಸಿ ತಂಡದ ಜೇಬಿಗೆ ಅದು ಆಗದ ಮಾತು. ಅದು ಬೇಕಾಗಿಯೂ ಇಲ್ಲ. ಐದನೇ ಸಾಲಿನಲ್ಲಿ ಕೂತವರ ಕಣ್ಣಿಗೆ ಬೀಳುವುದು ಗಿಟಾರಿನ ಗಾತ್ರ, ಸೊಂಟದ ತಿರುವು, ಹೊಳಪು, ತಲೆಭಾಗ. ಈ ನಾಲ್ಕನ್ನು ಸರಿ ಮಾಡಿಕೊಂಡರೆ ಹತ್ತು ಹನ್ನೆರಡು ಸಾವಿರದೊಳಗೆ ಕೆಲಸ ಮುಗಿಯುತ್ತದೆ. ಆಮೇಲೆ ಅದೇ ಗಿಟಾರಿನಲ್ಲಿ ಮಕ್ಕಳು ಪಾಠವನ್ನೂ ಕಲಿಯಬಹುದು.

ಮೊದಲು ಇಸವಿ, ಆಮೇಲೆ ಗಿಟಾರ್

ಅಂಗಡಿಗೆ ಹೋಗುವ ಮುಂಚೆ ನಿರ್ದೇಶಕರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: "ಸಾರ್, ಈ ದೃಶ್ಯ ಯಾವ ಇಸವಿಯದ್ದು?" "ಹಳೆ ಕಾಲದ್ದು ಮಾರಾಯ್ರೆ" ಎಂದು ಉತ್ತರ ಬಂದರೆ ಬಿಡಬೇಡಿ. ನಮ್ಮ ಕಡೆ ಪೋರ್ಚುಗೀಸರ ಹಳೆ ಕಾಲವೇ ನಾಲ್ಕೂವರೆ ಶತಮಾನ ಉದ್ದ. ಗೋವಾ ಅವರ ಕೈಗೆ ಬಿದ್ದದ್ದು 1510ರಲ್ಲಿ, ಬಿಟ್ಟದ್ದು 1961ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಗಿಟಾರ್ ಎಷ್ಟೋ ಸಲ ರೂಪ ಬದಲಿಸಿದೆ.

ಅಬ್ಬಕ್ಕನ ಕಾಲದಿಂದ, ಅಂದರೆ 16ನೇ ಶತಮಾನದಿಂದ ಶುರು ಮಾಡೋಣ. ಆಗಿನ ಯುರೋಪಿನಲ್ಲಿ ಗಿಟಾರ್ ಅಂದರೆ ಪುಟ್ಟ ವಾದ್ಯ. ನಾಲ್ಕು ಸಾಲು ತಂತಿ. ಹೆಚ್ಚಿನ ಸಾಲುಗಳಲ್ಲಿ ಎರಡೆರಡು ತಂತಿ ಜೋಡಿಯಾಗಿರುತ್ತಿದ್ದವು. ತಂತಿ ಕುರಿಯ ಕರುಳಿನದ್ದು. ಸ್ವರಕ್ಕೆ ಬೆರಳೊತ್ತುವ ಜಾಗ ಗುರುತಿಸುವ ಅಡ್ಡಗೆರೆ, ಅಂದರೆ ಫ್ರೆಟ್ ಕೂಡ ಲೋಹದ್ದಲ್ಲ, ಅದೇ ಕರುಳಿನ ಎಳೆಯನ್ನು ಗಿಟಾರಿನ ಕತ್ತಿನ, ಅಂದರೆ ನೆಕ್ಕಿನ ಸುತ್ತ ಬಿಗಿದು ಕಟ್ಟುತ್ತಿದ್ದರು. ಶ್ರುತಿ ಮಾಡಲು ಪಿಟೀಲಿನಲ್ಲಿರುವಂಥ ಮರದ ಬಿರಡೆ. ಸ್ಪೇನಿನಲ್ಲಿ ಇದರ ಜೊತೆಗೇ ಆರು ಸಾಲು ತಂತಿಯ ವಿಹುವೇಲಾ ಎಂಬ ದೊಡ್ಡಸ್ತಿಕೆಯ ವಾದ್ಯವೂ ಇತ್ತು. ಅದು ಅರಮನೆಗೆ ಸರಿ, ಸಿಪಾಯಿಯ ಬಿಡಾರಕ್ಕೆ ಚಿಕ್ಕದೇ ಒಪ್ಪುತ್ತದೆ.

ಈ ದೃಶ್ಯಕ್ಕೆ ಗಿಟಾರನ್ನೇ ಕೊಳ್ಳಬೇಕಾಗಿಲ್ಲ, ಬ್ಯಾರಿಟೋನ್ ಎಂಬ ದೊಡ್ಡ ಗಾತ್ರದ ಯುಕುಲೇಲೆ ಸಾಕು ಎಂಬುದು ನನ್ನ ಅಭಿಪ್ರಾಯ. ಯುಕುಲೇಲೆ ಹವಾಯಿಯ ವಾದ್ಯ ಎಂದು ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಅದರ ಬೇರು ಇರುವುದು ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಲ್ಲಿ. ಅಲ್ಲಿಂದ 1879ರಲ್ಲಿ ಹಡಗು ಹತ್ತಿ ಹೋದ ಕೂಲಿಕಾರರ ಜೊತೆ ಆ ಪುಟ್ಟ ಗಿಟಾರ್ ಹವಾಯಿ ತಲುಪಿತು. ನಾಲ್ಕು ಸಾಲಿನ ಹಳೆ ಗಿಟಾರಿನಲ್ಲಿ ತಂತಿಯಿಂದ ತಂತಿಗೆ ಇದ್ದ ಸ್ವರದ ಅಂತರವೇ ಇಂದಿನ ಯುಕುಲೇಲೆಯಲ್ಲೂ ಇದೆ. ಗಾತ್ರವೂ ಹತ್ತಿರ ಹತ್ತಿರ. ಸಣ್ಣ ಸೊಪ್ರಾನೋ ಯುಕುಲೇಲೆ ಮಾತ್ರ ಬೇಡ. ದೊಡ್ಡವರ ಕೈಯಲ್ಲಿ ಅದು ಆಟಿಕೆಯಂತೆ ಕಾಣುತ್ತದೆ.

17ನೇ ಶತಮಾನಕ್ಕೆ ಬಂದರೆ ಐದು ಸಾಲು ತಂತಿಯ ಗಿಟಾರ್. ಇದನ್ನು ಬರೋಕ್ ಗಿಟಾರ್ ಎನ್ನುತ್ತಾರೆ. ಸ್ಪೇನಿನ ಗಾಸ್ಪಾರ್ ಸಾನ್ಸ್ ಇದಕ್ಕಾಗಿ ಬರೆದ ಪಾಠಗಳು ಅಚ್ಚಾದದ್ದು 1674ರಲ್ಲಿ. ಅದೇ ವರ್ಷ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕ. ಅಲ್ಲಿಗೆ ಇಂಗ್ಲಿಷ್ ಕಂಪನಿಯ ದೂತ ಹೆನ್ರಿ ಆಕ್ಸೆಂಡನ್ ಬಂದಿದ್ದ. ಪುಣೆ ಕಡೆಯ ತಂಡ ಆ ದೃಶ್ಯ ಮಾಡುವುದಾದರೆ ದರ್ಬಾರಿನ ನಡುವೆ ಗಿಟಾರ್ ತರುವುದು ಬೇಡ. ಐರೋಪ್ಯರ ಬಿಡಾರದಲ್ಲಿ ಐದು ಸಾಲಿನದ್ದನ್ನು ಇಟ್ಟರೆ ಯಾರೂ ತಪ್ಪು ಎನ್ನಲಾರರು. ಮುಂಬೈಯ ದ್ವೀಪಗಳು ಪೋರ್ಚುಗೀಸರಿಂದ ಇಂಗ್ಲಿಷರಿಗೆ ಹೋದ 1665ಕ್ಕೂ ಇದೇ ಗಿಟಾರ್. ಚಿಮಾಜಿ ಅಪ್ಪನ ಮರಾಠ ಸೇನೆ ವಸೈ ಕೋಟೆ ಗೆದ್ದ 1739ಕ್ಕೂ ಇದೇ.

ಇದಕ್ಕೆ ಸುಲಭದ ದಾರಿ ಇದೆ. ನೈಲಾನ್ ತಂತಿಯ ಮುಕ್ಕಾಲು ಗಾತ್ರದ ಕ್ಲಾಸಿಕಲ್ ಗಿಟಾರ್ ತೆಗೆದುಕೊಂಡು, ಮೇಲಿನ ದಪ್ಪ ತಂತಿಯನ್ನು ಬಿಚ್ಚಿಬಿಡಿ. ಉಳಿದ ಐದು ತಂತಿಗಳ ಸ್ವರಗಳು ಬರೋಕ್ ಗಿಟಾರಿನ ಐದು ಸಾಲುಗಳ ಸ್ವರಗಳೇ. ಈಗಾಗಲೇ ಗಿಟಾರ್ ಬಲ್ಲ ಹುಡುಗ ಹೊಸದಾಗಿ ಏನೂ ಕಲಿಯಬೇಕಿಲ್ಲ. ಜೋಡಿ ತಂತಿ ಇಲ್ಲದಿರುವುದು ದೂರದಿಂದ ಗೊತ್ತಾಗುವುದಿಲ್ಲ.

18ನೇ ಶತಮಾನ ಮುಗಿಯುವ ಹೊತ್ತಿಗೆ ಜೋಡಿ ತಂತಿ ಹೋಗಿ ಆರು ಒಂಟಿ ತಂತಿ ಬಂತು. ಆದರೂ ಮೈ ಚಿಕ್ಕದು, ಸೊಂಟ ಸಣ್ಣದು. ನಮಗೆ ಇಂದು ಪರಿಚಯದ ಕ್ಲಾಸಿಕಲ್ ಗಿಟಾರಿನ ಅಗಲ ಮೈ ಮತ್ತು 65 ಸೆಂಟಿಮೀಟರ್ ತಂತಿಯ ಉದ್ದ ನೆಲೆಗೊಂಡದ್ದು ಸ್ಪೇನಿನ ಆಂತೋನಿಯೋ ದೆ ತೊರೆಸ್ ಕೆಲಸದಿಂದ, 19ನೇ ಶತಮಾನದ ದ್ವಿತೀಯಾರ್ಧದಲ್ಲಿ. ಹಾಗಾಗಿ 1870ರಿಂದ ಈಚಿನ ದೃಶ್ಯಗಳಿಗೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಲಾಸಿಕಲ್ ಗಿಟಾರ್ ಬಹುಮಟ್ಟಿಗೆ ಹಾಗೇ ನಡೆಯುತ್ತದೆ. ಗೋವಾದ ಹಳೆ ಮನೆಗಳ ದೃಶ್ಯಗಳಲ್ಲಿ ಹೆಚ್ಚಿನವು ಈ ಕಾಲದವೇ. ಅಲ್ಲಿನ ಕೊಂಕಣಿ ಹಾಡು ಮಾಂಡೊ ಹಾಡಿಸುವುದಾದರೆ ಮಾತ್ರ ಪಿಟೀಲು ಮತ್ತು ಘುಮಟ್ ಎಂಬ ಮಡಕೆ ವಾದ್ಯ ಮುಖ್ಯ, ಗಿಟಾರ್ ಹಿಂದೆ ಇರಲಿ. ಘುಮಟ್ ಬಾಡಿಗೆಗೆ ತಂದರೆ ಮೇಕೆ ಚರ್ಮದ್ದು ಎಂದು ಕೇಳಿ ತನ್ನಿ. ಉಡದ ಚರ್ಮದ್ದು ಕಾನೂನಿಗೆ ವಿರುದ್ಧ.

ಪೋರ್ಚುಗಲ್ಲಿನ ಫಾಡೊ ಹಾಡಿಗೆ ಬಳಸುವ ಪೇರಳೆ ಆಕಾರದ ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರ್ ನೋಡಿ, "ಇದೇ ಅಸಲಿ" ಎಂದು ಕೆಲವರು ಆಸೆಪಡುತ್ತಾರೆ. ಅದು ಬೆಳೆದದ್ದು 18ನೇ ಶತಮಾನದ ಕೊನೆಯ ಭಾಗದಿಂದ ಈಚೆಗೆ. ಅಬ್ಬಕ್ಕನ ನಾಟಕಕ್ಕೂ ವಸೈ ಯುದ್ಧಕ್ಕೂ ಅದು ಸಲ್ಲದು. ಬೆಲೆಯೂ ಜಾಸ್ತಿ.

20ನೇ ಶತಮಾನದ ಬೊಂಬಾಯಿ ಬೇರೆಯೇ ಲೋಕ. 1935ರಲ್ಲಿ ಅಮೆರಿಕದ ಲಿಯಾನ್ ಆ್ಯಬಿಯ ತಂಡ ತಾಜ್ ಹೋಟೆಲಿನಲ್ಲಿ ಜಾಸ್ ನುಡಿಸಿತು. ಮುಂದೆ ಗೋವಾದ ಎಷ್ಟೋ ವಾದಕರು ಆ ಸಂಗೀತಕ್ಕೆ ಬಂದರು. ಇಂಥ ದೃಶ್ಯಕ್ಕೆ ಸ್ಟೀಲ್ ತಂತಿ ನಡೆಯುತ್ತದೆ. ಪಿಟೀಲಿನ ಹಾಗೆ ಎರಡು ಕಡೆ ಸೀಳು ಇರುವ ಉಬ್ಬು ಮೈಯ ಗಿಟಾರ್ ಸಿಕ್ಕರೆ ಇನ್ನೂ ಚೆನ್ನ. ಗಿಬ್ಸನ್ ಕಂಪನಿ 1922ರಲ್ಲೇ ಅಂಥದ್ದನ್ನು ತಂದಿತ್ತು. ಇವತ್ತು ಅಂಗಡಿ ತುಂಬ ನೇತಾಡುವ ಅಗಲ ಭುಜದ ಡ್ರೆಡ್‌ನಾಟ್ ಆಕಾರವನ್ನು ಮಾರ್ಟಿನ್ ಕಂಪನಿ ತನ್ನ ಹೆಸರಿನಲ್ಲಿ ಹೊರತಂದದ್ದು 1931ರಲ್ಲಿ. ಅದಕ್ಕಿಂತ ಹಿಂದಿನ ಯಾವ ದೃಶ್ಯದಲ್ಲೂ ಅದು ಕಾಣಬಾರದು. ಭುಜದ ಒಂದು ಕಡೆ ಕತ್ತರಿಸಿದ ಕಟ್‌ಅವೇ ಗಿಟಾರ್ ಕೂಡ ಬೇಡ. ಪಕ್ಕದಲ್ಲಿ ಬ್ಯಾಟರಿ ಡಬ್ಬಿ ಇರುವುದನ್ನಂತೂ ಕೈಯಲ್ಲಿ ಮುಟ್ಟಲೂ ಬೇಡಿ.

ಯಾವುದನ್ನು ಕೊಳ್ಳುವುದು

ಮೂರು ದಾರಿ ಇವೆ. ಒಂದು, ಬ್ಯಾರಿಟೋನ್ ಯುಕುಲೇಲೆ. ಎರಡು, ಮುಕ್ಕಾಲು ಗಾತ್ರದ ಕ್ಲಾಸಿಕಲ್. ಮೂರು, ಪೂರ್ತಿ ಗಾತ್ರದ ಕ್ಲಾಸಿಕಲ್. ಒಂದೇ ಗಿಟಾರಿನಲ್ಲಿ ಬೇರೆ ಬೇರೆ ನಾಟಕ ಮಾಡುವ ತಂಡಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಇಂದಿನ ಕ್ಲಾಸಿಕಲ್ ಗಿಟಾರಿನ ಕೆಳಹೊಟ್ಟೆ 36-37 ಸೆಂಟಿಮೀಟರ್ ಅಗಲ ಇರುತ್ತದೆ. ಹಳೆಯವು ಅದಕ್ಕಿಂತ ಬಹಳ ಸಣ್ಣವು. ಮುಕ್ಕಾಲು ಗಾತ್ರದ್ದು ಆ ಅಳತೆಗೆ ಹತ್ತಿರ ಬರುತ್ತದೆ. ನಟ ಆರಡಿ ಎತ್ತರದವನಾದರೆ ಗಿಟಾರ್ ಚಿಕ್ಕದಾಗಿ ಕಾಣುತ್ತದೆ. ಕಾಣಲಿ, ಹಳೆ ಚಿತ್ರಗಳಲ್ಲೂ ಹಾಗೇ ಇದೆ.

ಯಮಹಾ ಕಂಪನಿಯ ಸಿ40 ಪೂರ್ತಿ ಗಾತ್ರದ್ದು, ತಂತಿಯ ಉದ್ದ 65 ಸೆಂಟಿಮೀಟರ್. ಅದೇ ಕಂಪನಿಯ ಸಿಎಸ್40 ಸಣ್ಣದು, 58 ಸೆಂಟಿಮೀಟರ್. ಇವು ಹತ್ತು ಸಾವಿರದ ಆಸುಪಾಸಿನ ಮಾತು. ನಮ್ಮ ದೇಶದಲ್ಲೇ ತಯಾರಾದವು, ಅದರಲ್ಲೂ ಕೋಲ್ಕತ್ತಾದಲ್ಲಿ ಮಾಡಿದವು, ಇನ್ನೂ ಅಗ್ಗ. ಆದರೆ ಅವುಗಳಲ್ಲಿ ಒಂದು ಪೀಸಿಗೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ.

ಟಾಪ್, ಅಂದರೆ ಮುಂಭಾಗದ ಹಲಗೆ, ಇಡಿ ಮರದ್ದೋ ಪ್ಲೈವುಡ್ಡಿನದ್ದೋ ಎಂದು ಅಂಗಡಿಯವರು ದೊಡ್ಡ ವ್ಯತ್ಯಾಸ ಹೇಳುತ್ತಾರೆ. ಮನೆಯಲ್ಲಿ ಕೂತು ನುಡಿಸುವವರಿಗೆ ಅದು ನಿಜ, ಇಡಿ ಮರದ ನಾದವೇ ಬೇರೆ. ಕೋಟೆ ಬಯಲಿಗೆ, ಟೆಂಪೊ ಹಿಂದೆ, ಗ್ರೀನ್ ರೂಮಿನ ನೂಕುನುಗ್ಗಲಿಗೆ ಹೋಗುವ ಗಿಟಾರಿಗೆ ಪ್ಲೈವುಡ್ಡೇ ಒಳ್ಳೆಯದು. ಮುಂಬೈಯ ಮಳೆಗಾಲದ ಹಸಿ ಗಾಳಿಗೆ ಅದು ಅಷ್ಟು ಬೇಗ ಬಿರಿಯುವುದಿಲ್ಲ.

ಒಟ್ಟು ಹತ್ತು ಸಾವಿರ ಇದ್ದರೆ ಅಷ್ಟನ್ನೂ ಗಿಟಾರಿಗೇ ಸುರಿಯಬೇಡಿ. ಏಳರ ಒಳಗೆ ಗಿಟಾರ್ ಮುಗಿಸಿ. ಉಳಿದದ್ದು ತಂತಿ, ತಂತಿಯ ಎತ್ತರ ಸರಿಮಾಡುವಂಥ ರಿಪೇರಿಯವರ ಸೆಟ್‌ಅಪ್, ಒಳ್ಳೆಯ ಪೆಟ್ಟಿಗೆ ಮತ್ತು ಹೊಸತನ ಮರೆಸುವ ಕೆಲಸಕ್ಕೆ ಬೇಕು. ಸೆಟ್‌ಅಪ್ ಮಾಡಿಸಿದ ಐದು ಸಾವಿರದ ಗಿಟಾರ್, ಡಬ್ಬಿಯಿಂದ ಹಾಗೇ ತೆಗೆದ ಹತ್ತು ಸಾವಿರದ್ದಕ್ಕಿಂತ ಎಷ್ಟೋ ಸಲ ಚೆನ್ನಾಗಿ ನುಡಿಯುತ್ತದೆ.

ಎಲ್ಲಿ ಹುಡುಕಬೇಕು

ಮುಂಬೈಯಲ್ಲಿ ಧೋಬಿ ತಲಾವ್‌ಗೆ ಹೋಗಿ. ಮೆಟ್ರೋ ಸಿನಿಮಾದ ಹತ್ತಿರ, ಜೆರ್ ಮಹಲ್ ಕಟ್ಟಡದಲ್ಲಿ ಫರ್ಟಾಡೋಸ್ ಅಂಗಡಿ ಇದೆ. 1865ರಲ್ಲಿ ಶುರುವಾದ ಸಂಸ್ಥೆ ಅದು. ಗೋವಾದಲ್ಲೂ ಅವರ ಅಂಗಡಿಗಳಿವೆ. ಅಂಥ ಕಡೆ ಹತ್ತಾರು ಗಿಟಾರ್ ಹಿಡಿದು ನೋಡಿ, ನಿಮ್ಮ ನಟನ ಮೈಕಟ್ಟಿಗೆ ಯಾವುದು ಒಪ್ಪುತ್ತದೆ ಎಂದು ತಿಳಿದುಕೊಳ್ಳಬಹುದು. ನಟನನ್ನೇ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಹತ್ತು ಹೆಜ್ಜೆ ದೂರ ನಿಂತು ಫೋಟೊ ತೆಗೆಯಿರಿ. ಹತ್ತಿರದಿಂದ ಕಾಣದ ಎಡವಟ್ಟು ಫೋಟೊದಲ್ಲಿ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯ ದಾರಿ. ಮಕ್ಕಳಿಗೆ ಕೊಡಿಸಿ, ಮೂರು ತಿಂಗಳಲ್ಲಿ ಅಟ್ಟ ಸೇರಿದ ಮುಕ್ಕಾಲು ಗಾತ್ರದ ಗಿಟಾರ್‌ಗಳು ನಮ್ಮ ಜನರ ಮನೆಗಳಲ್ಲೇ ಬೇಕಾದಷ್ಟಿವೆ. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು ಕೇಳಿ. ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಲಾಂದ್ರ, ಪೆಟ್ಟಿಗೆ, ಹಿತ್ತಾಳೆ ಸಾಮಾನು ಹುಡುಕುವುದು ಸರಿ. ಗಿಟಾರನ್ನು ಅಲ್ಲಿ ಕೊಳ್ಳುವುದು ನನಗೆ ಧೈರ್ಯ ಸಾಲದ ಕೆಲಸ. ಹಳೆಯದಾಗಿ ಕಾಣುತ್ತದೆ ನಿಜ, ಆದರೆ ನೆಕ್ ಬಾಗಿದ್ದರೆ ಅದನ್ನು ಸರಿಮಾಡುವ ಖರ್ಚಿಗೆ ಹೊಸದೇ ಬರುತ್ತದೆ.

ಕೈಯಲ್ಲಿ ಹಿಡಿದು ನೋಡುವಾಗ

ಗಿಟಾರನ್ನು ಬಂದೂಕಿನ ಹಾಗೆ ಕಣ್ಣಿನ ಮಟ್ಟಕ್ಕೆ ಎತ್ತಿ, ಮೈ ಮೇಲೆ ತಂತಿ ಕಟ್ಟಿರುವ ಮರದ ತುಂಡಿನ, ಅಂದರೆ ಬ್ರಿಡ್ಜಿನ ಕಡೆಯಿಂದ ನೆಕ್ಕಿನ ಅಂಚಿನ ಉದ್ದಕ್ಕೆ ನೋಡಿ. ಸ್ವಲ್ಪವೇ ಸ್ವಲ್ಪ ಒಳಬಾಗು ಇದ್ದರೆ ಪರವಾಗಿಲ್ಲ. ತಿರುಚಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಬ್ರಿಡ್ಜಿನ ಹಿಂಬದಿಗೆ ಒಂದು ತೆಳು ಕಾಗದ ತಾಗಿಸಿ. ಅಡಿಗೆ ನುಗ್ಗಿದರೆ ಅಂಟು ಬಿಡುತ್ತಿದೆ ಎಂದರ್ಥ. 12ನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ನೈಲಾನ್ ತಂತಿಗೆ ದಪ್ಪ ತಂತಿಯ ಕಡೆ 4 ಮಿಲಿಮೀಟರ್ ಒಳಗಿದ್ದರೆ ಚೆನ್ನ, ಸ್ಟೀಲಿಗೆ ಎರಡೂವರೆ. ಆಮೇಲೆ ಅದೇ 12ನೇ ಫ್ರೆಟ್ಟಿನ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿ, ಮತ್ತೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಆಗಬೇಕು. ಮೊಬೈಲಿನ ಟ್ಯೂನರ್ ಆ್ಯಪ್ ಇದನ್ನು ತೋರಿಸುತ್ತದೆ. ಕೊನೆಗೆ ಮೈಯನ್ನು ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಒಳಗೆ ಆಧಾರಕ್ಕೆ ಅಂಟಿಸಿದ ಮರದ ಪಟ್ಟಿ ಬಿಟ್ಟಿದ್ದರೆ ಗಲಗಲ ಎನ್ನುತ್ತದೆ.

ಇಷ್ಟರ ಜೊತೆ ನಮ್ಮ ಕೆಲಸಕ್ಕೆ ಬೇಕಾದ ಪರೀಕ್ಷೆ ಇನ್ನೊಂದಿದೆ. ತಲೆಭಾಗದಲ್ಲಿ ಕಂಪನಿಯ ಹೆಸರು ಎಷ್ಟು ದೊಡ್ಡದಾಗಿದೆ? ಫ್ರೆಟ್‌ಬೋರ್ಡಿನ ಮೇಲೆ ಬಿಳಿ ಚುಕ್ಕೆಗಳಿವೆಯೇ? ತೂತಿನ ಪಕ್ಕ ಪ್ಲಾಸ್ಟಿಕ್ ಪಿಕ್‌ಗಾರ್ಡ್ ಅಂಟಿಸಿದ್ದಾರೆಯೇ? ಕ್ಲಾಸಿಕಲ್ ಗಿಟಾರಿನಲ್ಲಿ ಸಾಮಾನ್ಯವಾಗಿ ಚುಕ್ಕೆಯೂ ಇರುವುದಿಲ್ಲ, ಪಿಕ್‌ಗಾರ್ಡೂ ಇರುವುದಿಲ್ಲ. ನಾನು ಅದನ್ನೇ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಹೊಸತನ ಮರೆಸುವುದು

ಗಿಟಾರನ್ನು ಕೆರೆದು, ಮಸಿ ಬಳಿದು, ಮುದಿಯಾಗಿಸುವ ಚಟ ಕೆಲವರಿಗಿದೆ. ದಯವಿಟ್ಟು ಬೇಡ. 1674ರ ಸಿಪಾಯಿಯ ಗಿಟಾರಿಗೆ ಆಗ ಮುನ್ನೂರೈವತ್ತು ವರ್ಷ ಆಗಿರಲಿಲ್ಲ. ಅವನ ಕೈಯಲ್ಲಿ ಅದು ಹೊಸದೇ. ನಾವು ತೆಗೆಯಬೇಕಾದದ್ದು ಪ್ಲಾಸ್ಟಿಕ್ಕಿನ ಗುರುತುಗಳನ್ನು.

ದೊಡ್ಡ ಶತ್ರು ಹೊಳಪು. ಅಗ್ಗದ ಗಿಟಾರಿಗೆ ದಪ್ಪ ಲ್ಯಾಕರ್ ಹೊಡೆದಿರುತ್ತಾರೆ, ರಂಗದ ಲೈಟ್ ಬಿದ್ದರೆ ಕನ್ನಡಿಯಂತೆ ಮಿಂಚುತ್ತದೆ. ಕೊಳ್ಳುವಾಗಲೇ ಮಂಕು ಮೈಯದ್ದು ಸಿಕ್ಕರೆ ಅರ್ಧ ಕೆಲಸ ಉಳಿಯಿತು. ಇಲ್ಲದಿದ್ದರೆ ಅತಿ ನುಣುಪಿನ, ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್ಲಿನಿಂದ ಮರದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ, ಮೇಲೆ ಸ್ವಲ್ಪ ಮೇಣದ ಪಾಲಿಶ್ ಒರೆಸಿ. ಉಜ್ಜುವ ಮುಂಚೆ ನಡುವಿನ ತೂತಿಗೆ ಕಾಗದ ಅಂಟಿಸಿ, ಪುಡಿ ಒಳಗೆ ಬೀಳಬಾರದು. ಬಾಡಿಗೆ ಅಥವಾ ಎರವಲು ಗಿಟಾರಿಗೆ ಇದನ್ನು ಮಾಡುವಂತಿಲ್ಲ ಎಂದು ಹೇಳಬೇಕಾಗಿಲ್ಲ ತಾನೆ.

ತಲೆಭಾಗದ ಹೆಸರನ್ನು ಉಜ್ಜಿ ತೆಗೆಯುವ ಬದಲು ಮುಚ್ಚಿ. ಪೀಠೋಪಕರಣ ಮಾಡುವ ಮಿಸ್ತ್ರಿಯ ಹತ್ತಿರ ವಿನಿಯರ್, ಅಂದರೆ ತೆಳು ಮರದ ಹಾಳೆಯ ಚೂರು ಸಿಗುತ್ತದೆ. ಅದನ್ನು ತಲೆಯ ಆಕಾರಕ್ಕೆ ಕತ್ತರಿಸಿ, ಎರಡು ಬದಿ ಅಂಟುವ ಟೇಪಿನಿಂದ ಕೂರಿಸಿ. ನಾಳೆ ಗಿಟಾರ್ ಮಾರುವಾಗ ಕಿತ್ತು ಹಾಕಬಹುದು. ಶ್ರುತಿ ಮಾಡುವ ಕೀಗಳ ಪ್ಲಾಸ್ಟಿಕ್ ಗುಂಡಿಗಳು 19ನೇ ಶತಮಾನದ ದೃಶ್ಯಕ್ಕೆ ಹಾಗೇ ಇರಲಿ, ಆಗ ಮೂಳೆ, ದಂತದ ಗುಂಡಿಗಳಿದ್ದವು. ಅದಕ್ಕೂ ಹಿಂದಿನ ಕಾಲಕ್ಕಾದರೆ ಪ್ರೈಮರ್ ಹಚ್ಚಿ ಮಂಕು ಕಂದು ಬಣ್ಣ ಬಳಿಯಿರಿ. ದೂರದಿಂದ ಮರದ ಬಿರಡೆಯಂತೆ ಕಾಣುತ್ತದೆ.

ಬರೋಕ್ ಕಾಲಕ್ಕೆ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಆ ಗಿಟಾರ್‌ಗಳ ನಡುವಿನ ತೂತು ಬರಿದಾಗಿರುತ್ತಿರಲಿಲ್ಲ. ಚರ್ಮಪತ್ರದಲ್ಲಿ ಕೊರೆದ ಹೂವಿನ ಜಾಲರಿ ಅಲ್ಲಿ ಕೂತಿರುತ್ತಿತ್ತು. ಕೈಕಾಗದವನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ಚೂಪು ಬ್ಲೇಡಿನಿಂದ ಜಾಲರಿ ಕೊರೆಯಿರಿ. ಎರಡು ಮೂರು ಪದರ ಮಾಡಿ ತೂತಿನ ಒಳ ಅಂಚಿಗೆ ಟೇಪಿನಿಂದ ಕೂರಿಸಿ. ಗಿಟಾರಿನ ಒಳಗಿನ ಕಂಪನಿ ಚೀಟಿಯೂ ಮುಚ್ಚಿಹೋಗುತ್ತದೆ. ದನಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಜಾಲರಿಯ ಹಿಂದೆ ಕಾಲರ್ ಮೈಕ್ ಅಡಗಿಸಲು ಒಳ್ಳೆಯ ಜಾಗ ಸಿಗುತ್ತದೆ. ಮಾಟುಂಗ, ಮಾಹಿಮ್ ಕಡೆಯ ಸಭಾಂಗಣಗಳಲ್ಲಿ ನೈಲಾನ್ ಗಿಟಾರ್ ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಕೇಳಿಸದು.

ಮೈಕ್ರೋಫೈಬರ್ ಬಟ್ಟೆ, ತಲೆಗೆ ಕಚ್ಚಿಸುವ ಟ್ಯೂನರ್, ತಂತಿ ಮೀಟುವ ಬಣ್ಣದ ಪ್ಲಾಸ್ಟಿಕ್ ಪಿಕ್, ತಂತಿಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕೇಪೊ ಇವೆಲ್ಲ ಪರದೆಯ ಹಿಂದೆ ಇರಲಿ. ಭುಜಕ್ಕೆ ಹಾಕುವ ನೈಲಾನ್ ಪಟ್ಟಿಯ ಬದಲು ರೇಷ್ಮೆ ಅಥವಾ ಚರ್ಮದ ಪಟ್ಟಿ ಕಟ್ಟಿ.

ತಂತಿ

ಗಿಟಾರಿಗೆ ನೈಲಾನ್ ತಂತಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅಲ್ಲಿವರೆಗೆ ಕರುಳಿನ ತಂತಿ, ಆಮೇಲಿನ ಕಾಲದಲ್ಲಿ ದಪ್ಪದವಕ್ಕೆ ರೇಷ್ಮೆ ಎಳೆಯ ಮೇಲೆ ಲೋಹದ ಸುತ್ತು. ಇವತ್ತು ಕರುಳಿನ ತಂತಿ ದುಬಾರಿ, ಮುಂಬೈಯ ಸೆಕೆಗೆ ಶ್ರುತಿಯೂ ನಿಲ್ಲುವುದಿಲ್ಲ. ಹಾಗಾಗಿ ನೈಲಾನ್ ಸಾಕು. ಗಾಜಿನಂತೆ ಹೊಳೆಯುವುದಕ್ಕಿಂತ ಮಸುಕು ನೈಲಾನ್ ಒಳ್ಳೆಯದು. ಇಟಲಿಯ ಅಕ್ವಿಲಾ ಕಂಪನಿ ಕರುಳಿನ ಗುಣವನ್ನು ಹೋಲುವ ಬಿಳಿ ತಂತಿ ಮಾಡುತ್ತದೆ, ಯುಕುಲೇಲೆಗೆ ಸುಲಭವಾಗಿ ಸಿಗುತ್ತದೆ.

ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ನೈಲಾನಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ, ಸ್ಟೀಲಿನದ್ದು 70ಕ್ಕೂ ಮೇಲೆ. ಬ್ರಿಡ್ಜ್ ಕಿತ್ತು ಬರುತ್ತದೆ.

ಕೋಟೆ, ಕಡಲು, ಮಳೆ

ವಸೈ ಕೋಟೆಯೋ ಗೋವಾದ ರೇಯ್ಸ್ ಮಾಗೋಸೋ, ಕಡಲ ಪಕ್ಕದ ಬಯಲಿನಲ್ಲಿ ಗಿಟಾರಿಗೆ ಎರಡು ಕಾಟ. ಉಪ್ಪಿನ ಗಾಳಿಗೆ ಕೀಗಳ ಗೇರು ತುಕ್ಕು ಹಿಡಿಯುತ್ತದೆ, ಮನೆಗೆ ಬಂದ ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಇನ್ನೊಂದು ಬಿಸಿಲು. ನಿಲ್ಲಿಸಿದ ಕಾರಿನ ಡಿಕ್ಕಿಯೊಳಗೆ ಮಧ್ಯಾಹ್ನ ಗಿಟಾರ್ ಇಟ್ಟರೆ ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಿಸಿ.

ರಿಹರ್ಸಲ್‌ಗೆ ಮುಂಚೆ

ನಟನಿಗೆ ನುಡಿಸಲು ಬರದಿದ್ದರೆ ಒತ್ತಾಯ ಬೇಡ. ಬಲ್ಲವರೊಬ್ಬರನ್ನು ಪಕ್ಕದ ಪರದೆಯ ಹಿಂದೆ ಕೂರಿಸಿ, ನಟನಿಗೆ ಕೈಯ ಚಲನೆ ಮಾತ್ರ ಕಲಿಸಿ. ಅವನ ಗಿಟಾರಿನ ತಂತಿಗಳ ಅಡಿಗೆ, ಬ್ರಿಡ್ಜ್ ಹತ್ತಿರ ಒಂದು ಸ್ಪಂಜಿನ ತುಂಡು ಸಿಕ್ಕಿಸಿದರೆ ಸದ್ದು ಬರುವುದಿಲ್ಲ. ಎಡಗೈ ಸುಮ್ನೆ ಒಂದೇ ಕಡೆ ನಿಲ್ಲದಂತೆ ನೋಡಿಕೊಳ್ಳಿ, ಗಿಟಾರ್ ಬಲ್ಲವರು ಮೊದಲು ಹಿಡಿಯುವುದು ಅದನ್ನೇ. ನುಡಿಸಬಲ್ಲವನಾದರೆ ಹಳೆ ಕಾಲಕ್ಕೆ ಪಿಕ್ ಬೇಡ. ಬೆರಳುಗಳನ್ನು ಬಿಡಿಸಿ ತಂತಿಗಳ ಮೇಲೆ ಸವರುವ ರೀತಿ ಬರೋಕ್ ಗಿಟಾರಿಗೆ ಸಹಜ.

ಹೊಸ ನೈಲಾನ್ ತಂತಿ ಹಿಗ್ಗುತ್ತಲೇ ಇರುತ್ತದೆ. ಪ್ರದರ್ಶನಕ್ಕೆ ಒಂದು ವಾರ ಮುಂಚೆಯೇ ತಂತಿ ಹಾಕಿ, ದಿನಾ ಶ್ರುತಿ ಮಾಡುತ್ತಿರಿ. ವೇಷ ಹಾಕಿಕೊಂಡೇ ಒಮ್ಮೆಯಾದರೂ ನುಡಿಸಿ ನೋಡಿ. ಪೋರ್ಚುಗೀಸ್ ಅಂಗಿಯ ಲೇಸು ತೋಳು ತಂತಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಒಳಗಡೆ ಒಂದು ರಬ್ಬರ್ ಬ್ಯಾಂಡ್ ಸಾಕು. ಎಸಿ ಹಾಲ್ ಆದರೆ ಪರದೆ ಏಳುವ ಅರ್ಧ ಗಂಟೆ ಮುಂಚೆ ಗಿಟಾರನ್ನು ರಂಗದ ಮೇಲೇ ಇಟ್ಟು, ಅಲ್ಲಿನ ತಂಪಿಗೆ ಒಗ್ಗಿದ ಮೇಲೆ ಕೊನೆಯ ಸಲ ಶ್ರುತಿ ಮಾಡಿ.